ಮೊಸಳೆಯ ಬೆನ್ನಿನ ಜಿಪ್ಪು

ಪಿಟ್ಸ್‌ಬರ್ಗಿನಲ್ಲಿ ಮದುವೆಯ ಉಡುಪು ಹೊಲಿಯುತ್ತಿದ್ದ ಮಾರ್ಲೀನ್ ಕೊವಾಚ್ ಜೀವಮಾನದಲ್ಲಿ ಒಂದೇ ಒಂದು ಸಿನಿಮಾಕ್ಕೆ ಸೂಜಿ ಹಿಡಿದಿದ್ದಳು. ‘ಶುಕ್ರಗ್ರಹದ ಮೊಸಳೆ’ ಎಂಬ ಆ ಬಡಪಾಯಿ ಚಿತ್ರದಲ್ಲಿ, ಮೊಸಳೆ ಬೆನ್ನು ತಿರುಗಿಸಿದಾಗ ವೇಷಕ್ಕೆ ಅವಳು ಹಾಕಿದ ಜಿಪ್ಪು ಪರದೆಯ ತುಂಬ ಕಾಣುತ್ತಿತ್ತು. ಊರೆಲ್ಲ ನಕ್ಕಿತ್ತು. ಆಮೇಲೆ ನಲವತ್ತು ವರ್ಷ ಅವಳು ಆ ಸುದ್ದಿಯನ್ನೇ ಎತ್ತಿರಲಿಲ್ಲ.

ಈಗ ಭಾನುವಾರ ಮಧ್ಯಾಹ್ನ ತಂಗಿಯ ಮಗಳು ಟೆಸ್ಸಾ ಅವಳನ್ನು ಥಿಯೇಟರಿನಲ್ಲಿ ಮತ್ತೆ ಹಾಕಿದ್ದ ಅದೇ ಚಿತ್ರಕ್ಕೆ ಎಳೆದು ತಂದಿದ್ದಳು. ಜುಲೈ ತಿಂಗಳ ಸೆಕೆಯಲ್ಲೂ ಜನರೆಲ್ಲ ಜಾಕೆಟ್ ತೊಟ್ಟು ಕೂತಿದ್ದರು.

“ಇವರಿಗೆಲ್ಲ ತಲೆ ಕೆಟ್ಟಿದೆಯೇನೇ?”

“ಸ್ವಲ್ಪ ತಡ್ಕೋ ದೊಡ್ಡಮ್ಮ.”

ಮೊಸಳೆ ಬೆನ್ನು ತಿರುಗಿಸಿತು. ಮುನ್ನೂರು ಜನ ಎದ್ದು ನಿಂತು, ಒಟ್ಟಿಗೇ ಜಾಕೆಟ್ಟಿನ ಜಿಪ್ಪನ್ನು ಕತ್ತಿನವರೆಗೂ ಜರ್ರನೆ ಎಳೆದು ಕೇಕೆ ಹಾಕಿದರು. ಆ ಚಿತ್ರಕ್ಕೆ ಈಗ ಹುಚ್ಚು ಅಭಿಮಾನಿಗಳಿದ್ದರು; ಪ್ರತಿ ಪ್ರದರ್ಶನದಲ್ಲೂ ಅವರದು ಇದೇ ಪದ್ಧತಿ.

“ಅದನ್ನ ಹೊಲಿದೋಳು ಇಲ್ಲೇ ಇದಾಳೆ ಕಣ್ರೋ!” ಎಂದು ಟೆಸ್ಸಾ ಕಿರುಚಿದಳು.

ಚಪ್ಪಾಳೆ ನಿಲ್ಲಲೇ ಇಲ್ಲ. ಮಾರ್ಲೀನ್ ಎದ್ದು ಸೊಂಟಕ್ಕೆ ಕೈಯಿಟ್ಟಳು.

“ನಗ್ತೀರಾ? ನಂಗೆ ಕೊಟ್ಟಿದ್ದು ಎರಡೇ ದಿನ! ಆದ್ರೂ ಆ ಜಿಪ್ಪು ಒಂದ್ಸಲನಾದ್ರೂ ಸಿಕ್ಕಿಹಾಕ್ಕೊಂಡಿತಾ?”

“ಇಲ್ಲಾ!” ಎಂದು ಇಡೀ ಥಿಯೇಟರು ಕೂಗಿತು. ಮುಂದಿನ ಸಾಲಿನ ಗಡ್ಡದವನೊಬ್ಬ ಮಾತ್ರ ತನ್ನ ಜಾಕೆಟ್ಟಿನ ಜಿಪ್ಪಿನೊಂದಿಗೆ ಇನ್ನೂ ಗುದ್ದಾಡುತ್ತಿದ್ದ.

“ಬಾರೋ ಇಲ್ಲಿ,” ಎಂದಳು ಮಾರ್ಲೀನ್, ಮಹಾರಾಣಿಯ ಗತ್ತಿನಲ್ಲಿ.