ಗಂಟೆಗೆ ಮುಂಚಿನ ಗಳಿಗೆ

ತೊಂಡೆಕಾಯಿ ಹೆಚ್ಚುತ್ತ ಕುಳಿತಾಗ ಯಾರಾದರೂ ಹೊರಗಿನಿಂದ ಕರೆದರೆ ನಾನು ತಟ್ಟನೆ ಏಳುವವಳಲ್ಲ. ಕೈಯಲ್ಲಿರುವ ಕಾಯಿ ಪೂರ್ತಿ ಹೋಳಾಗಬೇಕು, ಮೆಟ್ಟುಗತ್ತಿಯನ್ನು ಒರೆಸಿ ಗೋಡೆಗೆ ಆನಿಸಬೇಕು, ಸೆರಗಿಗೆ ಕೈ ಒರೆಸಿಕೊಳ್ಳಬೇಕು, ಆಮೇಲೆ ಇನ್ನು ಏಳುತ್ತೇನೆ ಎಂದು ನನಗೆ ನಾನೇ ಒಮ್ಮೆ ಹೇಳಿಕೊಳ್ಳಬೇಕು. ಅಷ್ಟರಲ್ಲಿ ಬಂದವರು ಮನೆಯಲ್ಲಿ ಯಾರೂ ಇಲ್ಲವೆಂದು ತಿಳಿದು ಗೇಟು ದಾಟಿರುತ್ತಾರೆ. ಯಜಮಾನರು ಇದನ್ನು ನನ್ನ ಗರ್ವವೆಂದೂ, ಸೊಸೆ ನನ್ನ ವಯಸ್ಸೆಂದೂ ತಿಳಿದಿದ್ದಾರೆ. ಎರಡೂ ಅಲ್ಲ, ಓದುವ ಗೆಳೆಯರೇ. ಒಂದು ಕೆಲಸದಿಂದ ಇನ್ನೊಂದಕ್ಕೆ ದಾಟುವುದು ನನಗೆ ಹುಟ್ಟಿನಿಂದಲೂ ತುಂಬಿದ ಹೊಳೆ ದಾಟಿದಷ್ಟು ಕಷ್ಟ. ಹೀಗಿದ್ದೂ ನಾನು ನಾಲ್ಕಕ್ಷರ ಕಲಿತೆನಲ್ಲ, ಆ ಋಣ ಯಾರದ್ದೆಂದು ಹೇಳುವುದಕ್ಕೇ ಈ ಬರಹ.

ಐವತ್ತೇಳರ ಮಾತು. ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ವರ್ಷವಾಗಿತ್ತಷ್ಟೆ. ಅಷ್ಟು ದೊಡ್ಡ ಜಿಲ್ಲೆ ಸದ್ದಿಲ್ಲದೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ದಾಟಿದ್ದರೆ, ಸಿದ್ದಾಪುರದ ಕಡೆಯ ಒಂದು ಕನ್ನಡ ಶಾಲೆಯ ನಾಲ್ಕನೆಯ ಇಯತ್ತೆಯಲ್ಲಿ ಕುಳಿತ ನಾನು ಮಾತ್ರ ಲೆಕ್ಕದಿಂದ ನೂಲಿಗೆ ದಾಟಲಾರದೆ ಕಿರುಚುತ್ತಿದ್ದೆ. ಆಗ ಶಾಲೆಗಳಲ್ಲಿ ತಕಲಿ ಹಿಡಿದು ನೂಲುವುದೂ ಒಂದು ಪಾಠ. ಲೆಕ್ಕ ಒಳಗಿನ ಕೋಣೆಯಲ್ಲಿ, ನೂಲು ಹಿಂದಿನ ಜಗಲಿಯಲ್ಲಿ, ಪದ್ಯ ಮತ್ತೆ ಒಳಗೆ. ಗಂಟೆ ಬಾರಿಸಿದೊಡನೆ ಉಳಿದ ಮಕ್ಕಳು ಸ್ಲೇಟು ಬಗಲಿಗಿಟ್ಟು ದಡಬಡ ಎದ್ದು ಓಡಿದರೆ, ನಾನು ಕಿವಿ ಮುಚ್ಚಿ, ಮಣೆಗೆ ಅಂಟಿ ಕುಳಿತು, ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಬರೆಯುತ್ತಿದ್ದ ಲೆಕ್ಕ ಅರ್ಧಕ್ಕೆ ತುಂಡಾದರೆ ನನ್ನೊಳಗೂ ಏನೋ ತುಂಡಾದಂತೆ ಆಗುತ್ತಿತ್ತು. ಅದನ್ನು ಹೇಳಲು ಒಂಬತ್ತು ವರ್ಷದ ನನ್ನಲ್ಲಿ ಮಾತಿರಲಿಲ್ಲ. ಈಗ ಇಂಥ ಮಕ್ಕಳಿಗೆ ಹೆಸರುಗಳುಂಟು, ವೈದ್ಯರುಂಟು, ವಿಶೇಷ ಶಿಕ್ಷಕರುಂಟು. ಆಗ ಇದ್ದದ್ದು ಹಟಮಾರಿ ಎಂಬ ಒಂದೇ ಹೆಸರು.

ನನ್ನ ತಾಯಿ, ಆಯಿ, ಜಂತುಹುಳವೆಂದು ಕಹಿ ಕಷಾಯ ಕುಡಿಸಿದಳು. "ಕೂಸಿಗೆ ಎಂತದೋ ಹೆದ್ರಿಕೆ ಹೊಕ್ಕಿದ್ದು, ಆನು ಎಂತ ಮಾಡವು?" ಎಂದು ಕಂಡಕಂಡವರನ್ನು ಕೇಳಿದಳು. ಅಪ್ಪಯ್ಯ ಮಾಮಲೇದಾರ ಕಚೇರಿಯ ಎದುರು ಕುಳಿತು ಜನರಿಗೆ ಅರ್ಜಿ ಬರೆದುಕೊಡುವವನು. "ಊರಿಗೆಲ್ಲ ಅರ್ಜಿ ಬರದು ಕೊಡ್ತೆ, ಇದಕ್ಕೆ ಯಾರಿಗೆ ಬರೆಯವು ಹೇಳೇ ಗೊತ್ತಾಗ್ತಿಲ್ಲೆ" ಎಂದ.

ಶಾಲೆಯವರು ಕೆಟ್ಟವರಲ್ಲ. ಅವರಿಗೆ ತೋಚಿದ್ದು ಇಷ್ಟು: ಕಿವಿ ಮುಚ್ಚಿಕೊಳ್ಳುತ್ತಾಳಲ್ಲ, ಹಾಗಾದರೆ ಗಂಟೆಯ ಸದ್ದೇ ಇವಳಿಗೆ ಆಗದು. ನಮ್ಮ ಗಂಟೆ ಎಂದರೆ ತೊಲೆಗೆ ತೂಗುಹಾಕಿದ ಕಬ್ಬಿಣದ ತುಂಡು. ಅದನ್ನು ಕೊಡತಿಯಿಂದ ಬಾರಿಸುವವನು ಶಾಲೆಯ ಸಿಪಾಯಿ ಗಣಪ. ಹೆಡ್ ಮಾಸ್ತರರ ಅಪ್ಪಣೆಯಂತೆ ಅವನು ಕೊಡತಿಗೆ ಹಳೆಯ ಗೋಣಿ ಸುತ್ತಿ ಮೆತ್ತಗೆ ಬಾರಿಸಿದ. ನಾನಂತೂ ಅತ್ತೇ ಅತ್ತೆ. ಅದರ ಮೇಲೆ ಏಳನೆಯ ಇಯತ್ತೆಯವರಿಗೆ ಗಂಟೆ ಕೇಳಿಸದೆ ಅವರು ಊಟದ ಬಿಡುವನ್ನೇ ತಪ್ಪಿಸಿಕೊಂಡು ನನ್ನ ಮೇಲೆ ಹಲ್ಲು ಕಡಿದರು. ಆಮೇಲೆ ನಮ್ಮ ತರಗತಿಯನ್ನೇ ಗಂಟೆಯಿಂದ ದೂರದ ಕೊನೆಯ ಕೋಣೆಗೆ ಸಾಗಿಸಿದರು. ಅಲ್ಲಿ ನನ್ನ ಅಳು ದುಪ್ಪಟ್ಟಾಯಿತು. ಕೊನೆಗೆ ಹೆಡ್ ಮಾಸ್ತರರು ಅಪ್ಪಯ್ಯನನ್ನು ಕರೆಸಿ, ಮುಂದಿನ ತಿಂಗಳು ಶಾಲೆಯ ತಪಾಸಣೆಗೆ ದಿಪೋಟಿ ಸಾಹೇಬರು ಬರುವವರಿದ್ದಾರೆಂದೂ, ಅವರೆದುರಿಗೂ ಹೀಗೆ ಅತ್ತರೆ ಹಾಜರಿಯಿಂದ ನನ್ನ ಹೆಸರು ತೆಗೆಯದೆ ಗತಿಯಿಲ್ಲವೆಂದೂ ಹೇಳಿದರು. ಆ ಕಾಲದಲ್ಲಿ ಹೆಣ್ಣುಮಗಳ ಹೆಸರು ಒಮ್ಮೆ ಹಾಜರಿಯಿಂದ ಹೋಯಿತೆಂದರೆ ಮತ್ತೆ ಕಾಣುವುದು ಲಗ್ನಪತ್ರಿಕೆಯಲ್ಲೇ.

ಆ ವಾರವೇ ಹಾವೇರಿಯ ಕಡೆಯಿಂದ ಸುಶೀಲಾ ಅಕ್ಕೋರು ನಮ್ಮ ತರಗತಿಗೆ ಶಿಕ್ಷಕಿಯಾಗಿ ವರ್ಗವಾಗಿ ಬಂದರು. ಅದುವರೆಗೆ ಎಲ್ಲರೂ ನಾನು ಅಳುವುದನ್ನು ನೋಡಿದ್ದರು. ಇವರು ನಾನು ಅಳದಿರುವುದನ್ನು ನೋಡಿದರು. ಸಂಜೆಯ ಗಂಟೆಗೆ ನಾನು ಅಳುತ್ತಿರಲಿಲ್ಲ. ಸಂಜೆ ನಾವು ಅಂಗಳದಲ್ಲಿ ಕವಾಯತು ಮಾಡುತ್ತಿದ್ದೆವು, ಗಣಪ ಕೊಡತಿ ಹಿಡಿದು ನಡೆದು ಬರುವುದು ಅಲ್ಲಿಂದ ಕಾಣುತ್ತಿತ್ತು. ಅಕ್ಕೋರು ಅವನನ್ನು ಕರೆದು, "ಗಣಪಣ್ಣಾರ, ಈಕಿಗೆ ಗಂಟಿ ಸಪ್ಪಳದ ಅಂಜಿಕಿ ಅಲ್ರಿ. ಹೇಳದ ಕೇಳದ ಬರ್ತದಲ್ಲ, ಅದಕ್ಕ ಅಳ್ತಾಳ. ನೀವು ಬಾರ್ಸೂದಕ್ಕ ಮೊದಲ ಈ ಕಿಟಕಿ ಮುಂದ ಹಾದು ಹೋಗ್ರಿ" ಎಂದರು. ನಮ್ಮೂರಲ್ಲಿ ಯಾರೂ ಅವನನ್ನು ಹೀಗೆ ಬಹುವಚನದಲ್ಲಿ ಕರೆದದ್ದಿರಲಿಲ್ಲ. ಆ ಮರ್ಯಾದೆಗೇ ಸೋತನೋ ಏನೋ, ಗಣಪ ತಲೆಯಾಡಿಸಿದ.

ಅಂದಿನಿಂದ ಪ್ರತಿ ತಾಸಿಗೂ ಅವನು ಕಟ್ಟಡವನ್ನು ಸುತ್ತಿ ನಮ್ಮ ಕೊನೆಯ ಕೋಣೆಯ ಕಿಟಕಿಗೆ ಬಂದು, ಕೊಡತಿಯನ್ನು ಹೆಗಲ ಮಟ್ಟಕ್ಕೆ ಎತ್ತಿ, ನನ್ನನ್ನೇ ಒಮ್ಮೆ ನೋಡಿ, ಮತ್ತೆ ಅಷ್ಟೂ ದಾರಿ ಹಿಂದಿರುಗಿ ಗಂಟೆ ಬಾರಿಸುತ್ತಿದ್ದ. ಅವನು ಹೋಗುವಷ್ಟರಲ್ಲಿ ನಾನು ಹಿಡಿದ ಲೆಕ್ಕ ಮುಗಿಸಬೇಕು, ಬಳಪವನ್ನು ಡಬ್ಬಿಗೆ ಹಾಕಬೇಕು, "ಲೆಕ್ಕ ಆತು, ಇನ್ನು ನೂಲು" ಎಂದು ಮೆಲ್ಲಗೆ ಹೇಳಿಕೊಳ್ಳಬೇಕು. ಇದು ಅಕ್ಕೋರು ಹಾಕಿಕೊಟ್ಟ ಪಾಠ. ಮೊದಲ ವಾರ ಕಿಟಕಿಯಲ್ಲಿ ಅವನ ಮುಖ ಕಂಡೊಡನೆಯೇ ಅತ್ತೆ. ಎರಡನೆಯ ವಾರ ಗಂಟೆ ಬಾರಿಸಿದ ಮೇಲಷ್ಟೇ ಅತ್ತೆ. ಮೂರನೆಯ ವಾರದ ಒಂದು ದಿನ ಎಲ್ಲರೊಡನೆ ಎದ್ದು ಜಗಲಿಗೆ ಹೋಗಿ ಕುಳಿತು ಅರ್ಧ ಎಳೆ ನೂತ ಮೇಲೆ, ಇವತ್ತು ಅಳಲಿಲ್ಲವಲ್ಲ ಎಂದು ನನಗೇ ಆಶ್ಚರ್ಯವಾಯಿತು.

ಯೋಚಿಸಿ ನೋಡಿ, ನಾವು ದೊಡ್ಡವರು ನಮಗಾಗಿ ಎಷ್ಟೊಂದು ಮುನ್ಸೂಚನೆಗಳನ್ನು ಮಾಡಿಕೊಂಡಿದ್ದೇವೆ! ಮದುವೆಗೆ ಮುಂಚೆ ನಾಂದಿ, ಊಟಕ್ಕೆ ಮುಂಚೆ ಎಲೆ, ಹೊರಡುವವನಿಗೆ ಕುಂಕುಮ, ಬರುವವನಿಗೆ ಕಾಲಿಗೆ ನೀರು. ಇಷ್ಟೆಲ್ಲ ಮೆಟ್ಟಿಲು ಕಟ್ಟಿಕೊಂಡು ಸಾವಕಾಶ ಇಳಿಯುವ ನಾವು, ಮಕ್ಕಳು ಮಾತ್ರ ಒಂದು ಕಬ್ಬಿಣದ ಸದ್ದಿಗೆ ಧುಮುಕಬೇಕೆನ್ನುತ್ತೇವೆ. ಬಹುಪಾಲು ಮಕ್ಕಳು ಧುಮುಕುತ್ತಾರೆ ಎನ್ನುವುದು ಅವರ ದೊಡ್ಡತನ.

ತಪಾಸಣೆಯ ದಿನ ಬಂತು. ದಿಪೋಟಿ ಸಾಹೇಬರು ಹೆಡ್ ಮಾಸ್ತರರೊಡನೆ ನಮ್ಮ ಕೋಣೆಗೆ ಬಂದು ಕುರ್ಚಿಯಲ್ಲಿ ಕುಳಿತರು. ಅವರ ಕೊಡೆಯನ್ನು ಹಿಡಿದು ಗಣಪ ಬಾಗಿಲಲ್ಲಿ ನಿಂತ. ನಾವು ಕಳೆಯುವ ಲೆಕ್ಕ ಮಾಡುತ್ತಿದ್ದೆವು. ಗಂಟೆಗೆ ಇನ್ನೂ ಹೊತ್ತಿತ್ತು. ಸಾಹೇಬರು ಹಠಾತ್ತನೆ, "ಲೆಕ್ಕ ಸಾಕು, ನೂಲುವುದನ್ನು ತೋರಿಸಲಿ" ಎಂದುಬಿಟ್ಟರು. ಮಕ್ಕಳೆಲ್ಲ ಎದ್ದರು. ನನ್ನ ಲೆಕ್ಕ ಹತ್ತರ ಸ್ಥಾನದಲ್ಲಿ ನಿಂತಿತ್ತು. ಕೈಗಳು ಕಿವಿಗೆ ಏರಿದವು. ಅಕ್ಕೋರ ಮುಖ ಬಿಳಿಚಿತು. ಹೆಡ್ ಮಾಸ್ತರರು ನನ್ನತ್ತ ನೋಡಿದ ನೋಟ ಈಗಲೂ ಕಣ್ಣಮುಂದಿದೆ. ಸಾಹೇಬರ ಅಪ್ಪಣೆಗೆ ಎದುರಾಡುವ ಧೈರ್ಯ ಇಬ್ಬರಿಗೂ ಇರಲಿಲ್ಲ.

"ಸಾಹೇಬ್ರೇ, ಒಂದು ಗಳಿಗೆ ತಡೀರಿ. ಆ ಹುಡುಗಿದು ಲೆಕ್ಕ ಇನ್ನೂ ಮುಗೀಲಿಲ್ಲ."

ಗಣಪನ ದನಿ. ಅಷ್ಟಕ್ಕೇ ನಿಲ್ಲದೆ ಅವನು ಒಳಗೆ ಎರಡು ಹೆಜ್ಜೆ ಬಂದು, ಕೊಡತಿ ಕೈಯಲ್ಲಿರದ ಕಾರಣ, ಸಾಹೇಬರ ಕೊಡೆಯನ್ನೇ ಹೆಗಲ ಮಟ್ಟಕ್ಕೆ ಎತ್ತಿ ನನ್ನನ್ನು ನೋಡಿದ. ನಾನು ಕೈ ಕೆಳಗಿಳಿಸಿದೆ. ಹತ್ತರ ಸ್ಥಾನ ಕಳೆದೆ, ನೂರರ ಸ್ಥಾನ ಕಳೆದೆ, ಬಳಪವನ್ನು ಡಬ್ಬಿಗೆ ಹಾಕಿದೆ, ಹೇಳಿಕೊಳ್ಳುವುದನ್ನು ಹೇಳಿಕೊಂಡು ಎದ್ದೆ. ಲೆಕ್ಕದ ಉತ್ತರ ತಪ್ಪಾಗಿತ್ತು, ಆದರೆ ಅತ್ತಿರಲಿಲ್ಲ. ನನ್ನ ಹೆಸರು ಹಾಜರಿಯಲ್ಲಿ ಉಳಿಯಿತು.

ಅರವತ್ತೆಂಟರಲ್ಲಿ ಟ್ರೇನಿಂಗ್ ಮುಗಿಸಿ ನಾನೇ ಅಕ್ಕೋರಾಗಿ ಆ ಶಾಲೆಗೆ ಬಂದೆ. ಸುಶೀಲಾ ಅಕ್ಕೋರು ಆಗಲೇ ಬೇರೆ ಊರಿಗೆ ಹೋಗಿದ್ದರು. ಗಣಪ ನರೆಗೂದಲಿನೊಡನೆ ಅಲ್ಲಿಯೇ ಇದ್ದ. ಸೇರಿ ಎರಡು ತಿಂಗಳಾದ ಮೇಲೆ ಕಪಾಟು ಒರೆಸುತ್ತಿದ್ದಾಗ, ತಪಾಸಣೆಗೆ ಬಂದ ಸಾಹೇಬರು ಅಭಿಪ್ರಾಯ ಬರೆಯುವ ಹಳೆಯ ಶೇರಾ ಪುಸ್ತಕ ಸಿಕ್ಕಿತು. ಆ ದಿನದ ಪುಟ ಹುಡುಕಿದೆ. ನಾಲ್ಕನೆಯ ಇಯತ್ತೆಯ ಶಿಸ್ತು ಸಮಾಧಾನಕರವೆಂದು ಒಂದು ಸಾಲು. ಅದರ ಕೆಳಗೆ, ಮೇಲಧಿಕಾರಿಯ ಮಾತಿಗೆ ಅಡ್ಡ ಬಂದ ಸಿಪಾಯಿಗೆ ತಾಕೀತು ಕೊಡತಕ್ಕದ್ದೆಂದು ಇನ್ನೊಂದು ಸಾಲು. ಪಕ್ಕದಲ್ಲಿ, ತಾಕೀತು ಮುಟ್ಟಿದ್ದಕ್ಕೆ ಗುರುತಾಗಿ ಗಣಪನ ಹೆಬ್ಬೆಟ್ಟು. ಆ ಹೆಬ್ಬೆಟ್ಟಿನ ಮುಂದೆ ಕುಳಿತು ನಾನು ಅತ್ತೆ, ಗಂಟೆಯ ಹಂಗಿಲ್ಲದೆ.

ಪುಸ್ತಕ ಹಿಡಿದೇ ಹೊರಗೆ ಹೋಗಿ ಕೇಳಿದೆ. "ಗಣಪಣ್ಣ, ನನ್ನ ದೆಸೆಯಿಂದ ನಿಂಗೆ ತಾಕೀತು ಬಿದ್ದಿತ್ತಾ? ಒಂದು ಮಾತು ಹೇಳ್ಲಿಲ್ಲ ನೀನು."

"ಬಿತ್ತು. ಹೆಬ್ಬೆಟ್ಟು ಒತ್ತಿದೆ. ಅಷ್ಟರಲ್ಲಿ ಗಂಟೆ ಹೊತ್ತಾಗಿತ್ತು, ಮತ್ತೆ ನಿಮ್ಮ ಕಿಟಕಿಗೆ ಹೋದೆ. ಅದ್ರಲ್ಲಿ ಹೇಳೂದು ಎಂತ ಉಂಟು ಅಕ್ಕೋರೇ? ನೀವು ಎಂತಕ್ಕೆ ಅಳ್ತಿದ್ರಿ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ನಾ ಬಂದ್ರೆ ನಿಲ್ಲಿಸ್ತೀರಿ ಅಂತ ಗೊತ್ತಿತ್ತು, ಅಷ್ಟೇ."

ನನ್ನನ್ನು ಅರ್ಥಮಾಡಿಕೊಳ್ಳಲು ಹೊರಟವರು ನನಗೆ ಕಷಾಯ ಕುಡಿಸಿದ್ದರು. ಅರ್ಥವಾಗದೆಯೂ ದಿನಕ್ಕೆ ಆರು ಸಲ ಕಟ್ಟಡ ಸುತ್ತಿದವನು ಇವನು. ಕೃತಜ್ಞತೆ ಹೇಳಲು ಬಾಯಿ ತೆರೆದೆ. ಅವನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ, ಗಡಿಯಾರ ನೋಡಿ ಕೊಡತಿ ಎತ್ತಿಕೊಂಡಿದ್ದ.

"ನಿಮ್ಮ ತರಗತೀಲಿ ಮೂಲೆ ಮಣೆ ಮೇಲೆ ಒಂದು ಹುಡುಗಿ ಕೂತ್ಕೊಳ್ತದಲ್ಲ, ಗಂಟೆ ಆದ ಕೂಡ್ಲೆ ಲಂಗದ ಅಂಚು ಕಚ್ತದೆ. ನಾ ಸೋಮವಾರದಿಂದ ಆ ಕಿಟಕಿಗೂ ಬರ್ತಾ ಇದ್ದೇನೆ. ನೀವು ನೋಡ್ಲಿಲ್ವಾ ಅಕ್ಕೋರೇ?"

ನಾನು ನೋಡಿರಲಿಲ್ಲ.