ಉಪ್ಪಾಗೆ ಕೊಯ್ಲಿಗೆ ಸಮಿತಿ ಇಟ್ಟ ದಿನ

ಹೊನ್ನಾವರದಿಂದ ಒಳಕ್ಕೆ ಹೋದರೆ ಸಿಗುವ ನಮ್ಮೂರ ಶಾಲೆಯ ಜಗುಲಿಯಲ್ಲಿ ಅಂದು ಕೂತವರೆಂದರೆ, ಗ್ರಾಮ ಅರಣ್ಯ ಸಮಿತಿಯ ಅಧ್ಯಕ್ಷರು (ಊರಿಗೆಲ್ಲ ಅವರು ಅಜ್ಜ), ಏಳೆಂಟು ಸದಸ್ಯರು, ಫಾರೆಸ್ಟ್ ಗಾರ್ಡ್, ಮುಂಬೈಯಿಂದ ಬಂದ ಕಂಪನಿಯ ಆಫೀಸರು, ಮತ್ತೆ ಮಕ್ಕಳ ಬೆಂಚಿನ ಮೇಲೆ ಉದ್ದನೆಯ ಕಾಲು ಮಡಚಿಕೊಂಡ, ಅದೇ ಕಂಪನಿಯ ಒಬ್ಬ ಬಿಳಿ ಸಾಹೇಬ. ನಾನು ಸಮಿತಿಯ ಕಾರ್ಯದರ್ಶಿ. ಹಿಂದಿ ಬರುತ್ತಿದ್ದುದರಿಂದ ಮಾತು ದಾಟಿಸುವವನೂ ನಾನೇ. ಎರಡು ಸಾವಿರದ ಇಸವಿಯ ಆಸುಪಾಸು.

ಕಂಪನಿಗೆ ಬೇಕಾದದ್ದು ನಮ್ಮ ಕಾಡಿನ ಉಪ್ಪಾಗೆ ಹಣ್ಣಿನ ಒಣಸಿಪ್ಪೆ. ಮೈ ಇಳಿಸುವ ಮಾತ್ರೆಗಂತೆ.

"ನಾವು ಮೈ ಹತ್ಲಿ ಅಂತ ಉಣ್ಣುದು, ಅವ್ರು ಇಳೀಲಿ ಅಂತ ತಿಂಬುದಾ?" ಎಂದು ಗಾರ್ಡ್ ನಕ್ಕ. ಅದನ್ನು ನಾನು ದಾಟಿಸಲಿಲ್ಲ.

ಹಣ್ಣಾದದ್ದೇ ಬೇಕು, ಎಳೆಕಾಯಿ ಬಂದರೆ ದಂಡ ಎಂದು ಕಂಪನಿಯ ಕಾಗದದಲ್ಲಿತ್ತು. ಅಜ್ಜನಿಗೆ ಅದು ಸರಿ ಕಾಣಲಿಲ್ಲ. "ದಂಡ ಎಂತಕ್ಕೆ ಸಾಹೇಬ್ರೆ? ನಾವು ಇಟ್ಟ ದಿನಕ್ಕಿಂತ ಮುಂಚೆ ಊರಲ್ಲಿ ಯಾರೂ ಮರ ಹತ್ತುದಿಲ್ಲ. ಹತ್ತಿದ್ರೆ ಅವರ ಸಿಪ್ಪೆ ಸಮಿತಿ ಮುಟ್ಟುದಿಲ್ಲ. ಅಷ್ಟೇಯ."

ನಾನು ಹಿಂದಿಗೆ ದಾಟಿಸಿದ್ದನ್ನು ಆಫೀಸರು ಇಂಗ್ಲಿಷಿನಲ್ಲಿ ಹೇಳಿದರು. ಬಿಳಿ ಸಾಹೇಬ ಪೆನ್ನು ತೆಗೆದು ಆ ದಂಡದ ಸಾಲನ್ನು ಹೊಡೆದುಹಾಕಿದ.

ಸಮಿತಿ ಇಟ್ಟ ದಿನಕ್ಕೆ ಇನ್ನೂ ಹನ್ನೆರಡು ದಿನವಿತ್ತು. ಉಳಿದವರ ಮನೆಗಳಲ್ಲಿ ಮರ ಹತ್ತಲು ನಾಲ್ಕೈದು ಜನ. ನಮ್ಮಲ್ಲಿ ನಾನು, ನನ್ನ ಹೆಂಡತಿ. ಆ ದಿನ ಬಂದರೆ ನನಗೆ ಬರಿ ಟೊಂಗೆ ಸಿಕ್ಕೀತು ಎಂಬ ಹೆದರಿಕೆ. ಮಟಮಟ ಮಧ್ಯಾಹ್ನ, ಜನ ಉಂಡು ಮಲಗಿದ ಹೊತ್ತಿಗೆ, ಮಳೆಯಲ್ಲೇ ಹೋಗಿ ಮೂರು ಚೀಲ ಹಸಿರು ಕಾಯಿ ಕೊಯ್ದು ತಂದೆ. ಅಟ್ಟದ ಹೊಗೆಯಲ್ಲಿ ಒಣಗಿಸಿದೆ. ಊರವರ ಸಿಪ್ಪೆ ರಾಶಿ ಬಿದ್ದ ಶಾಲೆಯ ಕೋಣೆಯ ಬೀಗದ ಕೈ ನನ್ನಲ್ಲೇ ಇತ್ತು. ನನ್ನದನ್ನೂ ಅದರಲ್ಲೇ ಬೆರೆಸಿ, ತೂಕವನ್ನು ಪುಸ್ತಕದಲ್ಲಿ ನನ್ನ ಹೆಸರಿಗೆ ಬರೆದುಕೊಂಡೆ.

ತೂಕದ ದಿನ ಬಿಳಿ ಸಾಹೇಬ ರಾಶಿಗೆ ಮೊಣಕೈವರೆಗೆ ಕೈ ಹಾಕಿದ. ಎಳೆಕಾಯಿಯ ತೆಳ್ಳಗಿನ ಸಿಪ್ಪೆ ಹಿಡಿಹಿಡಿ ಬಂತು.

"ಯಾರದ್ದಿದು?" ಅಜ್ಜ ಕೇಳಿದರು.

ಯಾರೋ ಹಿಂದಿನಿಂದ ಹೇಳಿದರು: "ಕಾಡಂಚಿನ ಅಕ್ಕನ ಮನೇಲಿ ಹೊಗೆ ಇಟ್ಟ ದಿನಕ್ಕಿಂತ ಮುಂಚೆನೇ ಎದ್ದಿತ್ತು."

ಆ ಅಕ್ಕ ಗಂಡ ಸತ್ತವಳು. ಬಾಣಂತಿ ಮಗಳನ್ನು ಕೂಸಿನೊಂದಿಗೆ ಗಂಡನ ಮನೆಗೆ ಕಳಿಸಿಕೊಡಲು ಈ ಸಿಪ್ಪೆಯನ್ನೇ ನೆಚ್ಚಿದ್ದಳು. ಒಂದಿಷ್ಟನ್ನು ಮೊದಲೇ ರಾಶಿಗೆ ಸುರಿದಿದ್ದಳು; ಅಂದು ತೂಕಕ್ಕೆ ತಂದ ಇನ್ನೆರಡು ಚೀಲ ಎದುರಿಗಿತ್ತು. "ಬಾಣಂತಿ ಇಪ್ಪ ಮನೇಲಿ ಬಚ್ಚಲ ಒಲೆ ಆರ್ತದ್ಯ? ನೀವೇ ಹೇಳಿ ಅಜ್ಜ," ಎಂದಳು. ಆಮೇಲೆ ನನ್ನತ್ತ ತಿರುಗಿ, "ತಮ್ಮಾ, ನೀ ಬರೆಯೂದು ಬಲ್ಲವ, ಹೇಳು!" ಎಂದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕತೆಯನ್ನು ಚಿಕ್ಕಂದಿನಲ್ಲಿ ನನ್ನ ಅಜ್ಜಿಯ ಬಾಯಲ್ಲಿ ಕೇಳಿ ಎಷ್ಟು ನಕ್ಕಿದ್ದೆ. ಅಂದು ನಾನು ಕೈ ಅಲುಗಿಸದೆ ನಿಂತಿದ್ದೆ.

ಅವಳ ಚೀಲಗಳನ್ನು ಸಮಿತಿ ಮುಟ್ಟಲಿಲ್ಲ. ಒಂದನ್ನು ತಲೆ ಮೇಲೆ ಹೊತ್ತು ಹೋಗಿ ಇಟ್ಟು, ಇನ್ನೊಂದಕ್ಕೆ ತಿರುಗಿ ಬಂದಳು. ನಿಮ್ಮ ಸಮಿತಿಗೆ ತಪ್ಪು ಮಾಡಿದವರು ಗೊತ್ತಾಗುವುದು ಹೇಗೆ ಎಂದು ಬಿಳಿ ಸಾಹೇಬ ಆಫೀಸರ ಬಾಯಲ್ಲಿ ಕೇಳಿಸಿದ. ಅಜ್ಜನಿಗೆ ಆ ಪ್ರಶ್ನೆಯನ್ನು ದಾಟಿಸಿದವನೂ ನಾನೇ. ಅಜ್ಜ ಮುಂದಿನ ಚೀಲವನ್ನು ತೂಕಕ್ಕೆ ಎತ್ತಲು ಹೇಳಿದರು.

ಮರುವರ್ಷ ಕಂಪನಿ ಸಮಿತಿಯ ಬಳಿ ಬರಲಿಲ್ಲ. ಪೇಟೆಯ ಗುತ್ತಿಗೆದಾರನಿಂದ ಕೊಂಡಿತು. ಅವನಿಗೆ ಇಟ್ಟ ದಿನವೂ ಇಲ್ಲ, ಹಣ್ಣೇ ಬೇಕೆಂಬ ಹಟವೂ ಇಲ್ಲ. ಜನ ಟೊಂಗೆ ಕಡಿದೇ ಕಾಯಿ ಉದುರಿಸಿದರು. ಅಕ್ಕ ಕುಮಟೆಯ ಗೇರುಬೀಜದ ಕಾರ್ಖಾನೆಗೆ ಹೋಗತೊಡಗಿದಳು.

ಕುಮಟೆಯ ಬಸ್ ಸ್ಟ್ಯಾಂಡಿನಲ್ಲಿ ಒಂದು ಸಂಜೆ ಅವಳೆದುರು ಎಲ್ಲ ಹೇಳಿಬಿಟ್ಟೆ. ಗೇರುಬೀಜದ ಸಿಪ್ಪೆ ಸುಲಿದು ಕಪ್ಪಾದ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ಕೇಳಿಸಿಕೊಂಡಳು.

"ನಂಗೆ ಹೇಳ್ರೆ ಎಂತಾ ಆತು ತಮ್ಮಾ? ನಂಗೆ ಮೊದ್ಲೇ ಗೊತ್ತಿತ್ತಲ, ನಾ ಕೊಯ್ದದ್ದಲ್ಲ ಅಂತ. ಸಭೆಲಿ ಹೇಳು."

ಸಭೆಯಲ್ಲಿ ಹೇಳಿದೆ. ಅಜ್ಜ "ನೀನಾ?" ಎಂದರು, ಅಷ್ಟೇ. ಮರುದಿನ ಬೆಳಿಗ್ಗೆ ನಾಲ್ವರನ್ನು ಕರೆದುಕೊಂಡು ಅವಳ ಮನೆಗೆ ಹೋಗಿ, ತಪ್ಪಾಯಿತೆಂದು ಕೈಮುಗಿದರಂತೆ. ಅವಳು ಎಲ್ಲರಿಗೂ ಬೆಲ್ಲ, ನೀರು ಕೊಟ್ಟು, ಬಸ್ಸಿಗೆ ಹೊತ್ತಾಯಿತೆಂದು ಬುತ್ತಿ ಹಿಡಿದು ಹೊರಟಳಂತೆ.