ಬೋಣಿಯಾಗದ ಸರ್ಕಾರಿ ಗಾಡಿ

ನಾನು ಓದು ನಿಲ್ಲಿಸಿದ್ದು 1994ರಲ್ಲಿ, ಎಂಟನೇ ಕ್ಲಾಸಿನ ನಡುವೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಕುಣಿಗಲ್ ಸಂತೆಯಲ್ಲಿ ಸೊಪ್ಪು ಮಾರಿ ತಡವಾಗಿ ಬಂದೆನೆಂದು ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದರು. ಮಾರನೇ ದಿನ ನಾನು ಸಂತೆಗೇ ಹೋದೆ, ಶಾಲೆಗೆ ಹೋಗಲಿಲ್ಲ. ಆಮೇಲೆ ತುಮಕೂರಿಗೆ ಬಂದು ಇಪ್ಪತ್ತು ವರ್ಷಕ್ಕೂ ಮೇಲೆ ತಳ್ಳುಗಾಡಿಯಲ್ಲಿ ತರಕಾರಿ ಮಾರಿದೆ. ನನ್ನ ಗಾಡಿಯಲ್ಲಿ ಕೊಳೆತ ಕಾಯಿ ಇತ್ತು ಎಂದು ಯಾವ ಗಿರಾಕಿಯೂ ಹೇಳಿಲ್ಲ. ಹೇಳಿದ್ದರೆ ನಾನೂ ಸುಮ್ಮನೆ ಬಿಡುತ್ತಿರಲಿಲ್ಲ.

ಕೊರೋನಾ ಮುಗಿದ ವರ್ಷ ಒಂದು ಯೋಜನೆ ಬಂತು. ತಾಜಾ ತರಕಾರಿ ಸಿಗದ ಬಡಾವಣೆಗಳಿಗೆ ಮನೆಬಾಗಿಲಿಗೇ ತರಕಾರಿ ಗಾಡಿ ಕಳಿಸುವ ಯೋಜನೆ. ನನ್ನ ಪಾಲಿಗೆ ಬಂದದ್ದು ಸತ್ಯಮಂಗಲದ ಕೈಗಾರಿಕಾ ಪ್ರದೇಶದ ಹಿಂಬದಿಯ ಶೀಟ್ ಮನೆಗಳ ಕಾಲೋನಿ. ಅಲ್ಲಿ ಗಂಡ ಹೆಂಡತಿ ಇಬ್ಬರೂ ಫ್ಯಾಕ್ಟರಿಗೆ ಹೋಗುವವರು. ಮಾರ್ಕೆಟ್ಟಿಗೆ ಹೋಗಿಬರುವ ಆಟೋ ದುಡ್ಡಿನಲ್ಲಿ ಒಂದು ದಿನದ ತರಕಾರಿಯೇ ಬರುತ್ತದೆ. ಕಾಲೋನಿಯಲ್ಲಿ ಇದ್ದದ್ದು ನಂಜಪ್ಪ ಎಂಬುವನ ಒಂದೇ ದಿನಸಿ ಅಂಗಡಿ. ಅಲ್ಲಿ ಆಲೂಗಡ್ಡೆ, ಈರುಳ್ಳಿ ಮತ್ತು ಮುಖ ಸುಕ್ಕುಗಟ್ಟಿದ ಬದನೆಕಾಯಿ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಹಸಿರು ಸೊಪ್ಪು ಕಾಣಬೇಕಾದರೆ ಅಲ್ಲಿನವರು ಊರಿಗೆ ಹೋಗಬೇಕಿತ್ತು.

ಸಬ್ಸಿಡಿ ಎಂದರೆ ಕೈಗೆ ಬಂದು ಬೀಳುವ ದುಡ್ಡು ಎಂದು ಜನ ತಿಳಿದಿದ್ದಾರೆ. ಹಾಗಲ್ಲ. ಗಾಡಿಯ ಬೆಲೆಯಲ್ಲಿ ಅರ್ಧ ಸರ್ಕಾರದ್ದು, ಆದರೆ ಅದು ಬ್ಯಾಂಕಿನಲ್ಲೇ ಕೂತಿರುತ್ತದೆ. ಇದಕ್ಕೆ ಬ್ಯಾಕ್ ಎಂಡೆಡ್ ಸಬ್ಸಿಡಿ ಎನ್ನುತ್ತಾರೆ. ಮೂರು ವರ್ಷ ಗಾಡಿ ಹೇಳಿದ ಜಾಗದಲ್ಲೇ ಓಡಿ ವ್ಯಾಪಾರ ತೋರಿಸಿದರೆ ಸಾಲಕ್ಕೆ ಜಮಾ ಆಗುತ್ತದೆ. ತೋರಿಸದಿದ್ದರೆ ಸರ್ಕಾರ ತನ್ನದನ್ನು ವಾಪಸ್ ತೆಗೆದುಕೊಳ್ಳುತ್ತದೆ, ಇಡೀ ಸಾಲ ನಮ್ಮ ತಲೆಗೆ ಬರುತ್ತದೆ, ಗಾಡಿ ಬ್ಯಾಂಕಿನ ಕಾಂಪೌಂಡಿಗೆ ಹೋಗುತ್ತದೆ. ಬೇರೆ ಕಡೆ ಮಾರಿಕೊಳ್ಳೋಣ ಎಂದರೆ ಗಾಡಿಯಲ್ಲಿ ಜಿಪಿಎಸ್ ಇರುತ್ತದೆ. ನಾನು ಎಲ್ಲಿ ನಿಂತಿದ್ದೇನೆ ಎಂಬುದು ಆಫೀಸಿನಲ್ಲಿ ಕೂತವರಿಗೆ ಗೊತ್ತಾಗುತ್ತದೆ. ಮನೆಗೆ ಮೋಲ್ಡ್ ಛಾವಣಿ ಹಾಕಿಸಲು ಇಟ್ಟಿದ್ದ ದುಡ್ಡನ್ನು ಮಾರ್ಜಿನ್ ಮನಿ, ಅಂದರೆ ನಮ್ಮ ಕೈಯಿಂದ ಹಾಕಬೇಕಾದ ಪಾಲು, ಎಂದು ಕಟ್ಟಿ, ತಳ್ಳುಗಾಡಿಯನ್ನೂ ಅದರ ಜಾಗವನ್ನೂ ಬಿಟ್ಟುಕೊಟ್ಟು ನಾನು ಈ ಗಾಡಿ ಹತ್ತಿದೆ. ಹಿಂದಕ್ಕೆ ಹೋಗಲು ಏನೂ ಉಳಿದಿರಲಿಲ್ಲ.

ಉದ್ಘಾಟನೆಯ ದಿನ ಯೋಜನೆಯ ಸಾಹೇಬರು ಬಂದರು. ಗಾಡಿಗೆ ಹೂವಿನ ಹಾರ, ಮೈಕು, ಪೇಪರಿನವರು. ಐವತ್ತು ಚೀಲಗಳಲ್ಲಿ ತರಕಾರಿ ತುಂಬಿಡಲು ಹಿಂದಿನ ದಿನವೇ ಹೇಳಿದ್ದರು. ದುಡ್ಡು ಯಾರು ಕೊಡುತ್ತಾರೆಂದು ಹೇಳಿರಲಿಲ್ಲ. ಸಾಹೇಬರು ಮೊದಲ ಚೀಲ ಎತ್ತಿಕೊಂಡಾಗ ನಾನು ಮೆಲ್ಲಗೆ ಅವರ ಪಕ್ಕಕ್ಕೆ ಹೋದೆ.

"ಸಾರ್, ಹೊಸ ಗಾಡಿ. ಬೋಣಿ ಆಗ್ಬೇಕು. ಹತ್ತು ರೂಪಾಯಿ ಆದ್ರೂ ಈಸ್ಕೊಂಡು ಕೊಡಿ."

ದಿನದ ಮೊದಲ ವ್ಯಾಪಾರಕ್ಕೆ ನಾವು ಬೋಣಿ ಎನ್ನುತ್ತೇವೆ. ಬೋಣಿಯಲ್ಲಿ ಸಾಲ ಇಲ್ಲ, ಬಿಟ್ಟಿ ಇಲ್ಲ. ಗಿರಾಕಿಯ ಕೈಯಿಂದ ದುಡ್ಡು ಬಂದು, ಅದನ್ನು ಕಣ್ಣಿಗೊತ್ತಿಕೊಂಡ ಮೇಲೆಯೇ ತಕ್ಕಡಿ ಕೆಳಗಿಡುವುದು. ತರಕಾರಿ ಮಾರುವವನು ಹೆಂಡತಿಗಾದರೂ ಬೋಣಿ ಬಿಟ್ಟಿ ಕೊಡುವುದಿಲ್ಲ.

"ಅಯ್ಯೋ ಸುಮ್ನಿರಿ ಶಿವಣ್ಣ, ಫೋಟೋಗೆ" ಎಂದರು ಸಾಹೇಬರು. ಮೊದಲ ಚೀಲವನ್ನು ರತ್ನಮ್ಮ ಎಂಬಾಕೆಯ ಕೈಗಿಟ್ಟು ಕ್ಯಾಮೆರಾ ಕಡೆ ನಕ್ಕರು. ರತ್ನಮ್ಮ ಪ್ಯಾಕಿಂಗ್ ಯೂನಿಟ್ಟಿನಲ್ಲಿ ಕೆಲಸ ಮಾಡುವವಳು, ಕಾಲೋನಿಯ ಹೆಂಗಸರ ಸಂಘಕ್ಕೆ ಅಧ್ಯಕ್ಷೆ. ಐವತ್ತು ಚೀಲವೂ ಹಾಗೆಯೇ ಹೋಯಿತು. ಮಾರನೇ ದಿನದ ಪೇಪರಿನಲ್ಲಿ ಸಾಹೇಬರು, ರತ್ನಮ್ಮ, ಚೀಲ, ಮೂರೂ ಬಂದಿದ್ದವು. ನನ್ನ ಮೊಣಕೈ ಮಾತ್ರ ಬಂದಿತ್ತು.

ಅದೇ ದಿನ ಬೆಳಿಗ್ಗೆ ಅಂತರಸನಹಳ್ಳಿ ಮಾರ್ಕೆಟ್ಟಿನಿಂದ ತರಕಾರಿ, ಕುಣಿಗಲ್ ಕಡೆಯ ರೈತರಿಂದ ಸೊಪ್ಪು ತುಂಬಿಕೊಂಡು ಕಾಲೋನಿಗೆ ಹೋದೆ. ರತ್ನಮ್ಮನೇ ಮೊದಲು ಬಂದಳು. ಅರ್ಧ ಕೆ.ಜಿ. ಬೀನ್ಸು, ಒಂದು ಕಟ್ಟು ಸಬ್ಬಸಿಗೆ ಹಾಕಿಸಿಕೊಂಡು ತಿರುಗಿ ಹೊರಟಳು.

"ಐವತ್ತೈದು ಆಯ್ತು ಕಣಮ್ಮ."

"ಏನು ಐವತ್ತೈದು?"

"ರೂಪಾಯಿ."

"ನಿನ್ನೆ ಸರ್ಕಾರ ಪುಕ್ಸಟ್ಟೆ ಕೊಡ್ತು. ಇವತ್ತು ಕಾಸು ಕೇಳಕ್ಕೆ ನೀನ್ಯಾವ ಸೀಮೆ ಸಾವ್ಕಾರ?"

"ನಿನ್ನೆ ಕೊಟ್ಟಿದ್ದು ಸರ್ಕಾರ ಅಲ್ಲ, ನಾನು. ನನ್ ಜೇಬಿಂದು."

"ಓಹೋ! ಗಾಡಿ ಮೇಲೆ ನಿಮ್ಮಪ್ಪನ ಹೆಸ್ರು ಬರ್ದೈತಾ? ಸರ್ಕಾರ ಅಂತ ಬರ್ದೈತೆ. ನಂಗೂ ಓದಕ್ ಬತ್ತದೆ ಕಣಯ್ಯ."

ನಾನು ಚೀಲ ಕಿತ್ತುಕೊಂಡೆ. ಅವಳು ಬಿಡಲಿಲ್ಲ. ಚೀಲ ಹರಿದು ಬೀನ್ಸು ಮೋರಿ ಪಕ್ಕ ಚೆಲ್ಲಿತು. ಅಷ್ಟು ಹೊತ್ತಿಗೆ ಹತ್ತು ಜನ ಹೆಂಗಸರು ಸೇರಿದರು. ನಂಜಪ್ಪ ಅಂಗಡಿಯ ಕಟ್ಟೆಯ ಮೇಲಿಂದಲೇ ತುಪ್ಪ ಸುರಿದ. "ರೇಷನ್ ಅಕ್ಕಿ ಫ್ರೀ ಬರಲ್ವಾ? ತರ್ಕಾರಿನೂ ಹಂಗೇ. ಮಧ್ಯದೋರು ನುಂಗ್ತಾವ್ರೆ, ಅಷ್ಟೇಯ." ಅವನ ಬದನೆಕಾಯಿಗೆ ಕುತ್ತು ಬಂದಿತ್ತು, ಅದಕ್ಕೇ ಅವನಿಗೆ ಅಷ್ಟು ಜ್ಞಾನ.

ಅಲ್ಲಿಂದ ಮುಂದೆ ನನ್ನ ಗಾಡಿಗೆ ಕಳ್ಳಗಾಡಿ ಎಂದೇ ಹೆಸರಾಯಿತು. ದಿನವೂ ಹೋಗುತ್ತಿದ್ದೆ, ನಿಲ್ಲುತ್ತಿದ್ದೆ, ಒಬ್ಬರೂ ಬರುತ್ತಿರಲಿಲ್ಲ. ಒಂದು ದಿನ ಯಾರೋ ಎರಡು ಟೈರಿನ ಗಾಳಿ ಬಿಟ್ಟರು. ಇನ್ನೊಂದು ದಿನ ಗಾಡಿಯ ಮೇಲೆ ಕಲಗಚ್ಚು ಎರಚಿದ್ದರು. ನಾನೂ ಬಾಯಿ ಕಟ್ಟಿಕೊಂಡು ಕೂರುವವನಲ್ಲ. ಮೈಕ್ ಹಾಕಿಯೇ ಹೇಳಿದೆ: "ಸುಕ್ಕಿದ ಬದ್ನೆಕಾಯಿ ತಿನ್ನೋ ಹಣೇಬರ ನಿಮ್ದು, ತಿನ್ರಿ! ಈ ಶಿವಣ್ಣ ಮಾತ್ರ ಇಲ್ಲಿಂದ ಕದಲಾಕಿಲ್ಲ." ಕದಲುವುದಕ್ಕೆ ಜಿಪಿಎಸ್ ಬಿಡುತ್ತಿರಲಿಲ್ಲ, ಆ ಮಾತು ಬೇರೆ. ಸಂಜೆ ಬಾಡಿದ ಸೊಪ್ಪನ್ನು ದನಗಳಿಗೆ ಹಾಕಿ ಮನೆಗೆ ಬರುತ್ತಿದ್ದೆ. ಒಳ್ಳೆಯ ದಂಟಿನ ಸೊಪ್ಪನ್ನು ದನಕ್ಕೆ ಹಾಕುವುದೆಂದರೆ ಏನೆಂದು ತರಕಾರಿ ಮಾರುವವನಿಗೇ ಗೊತ್ತು.

ಇದರ ನಡುವೆ ಸಾಹೇಬರು ತಪಾಸಣೆಗೆಂದು ಬರುತ್ತಿದ್ದರು. ಬಂದಾಗಲೆಲ್ಲ ಅವರ ಡ್ರೈವರ್ ಕ್ಯಾರೆಟ್ಟು, ಹೂಕೋಸು, ನುಗ್ಗೇಕಾಯಿ ಆರಿಸಿ ಚೀಲ ತುಂಬಿಕೊಂಡು ಜೀಪಿಗೆ ಹಾಕುತ್ತಿದ್ದ.

"ಬಿಲ್ ಹಾಕ್ಲಾ ಸಾರ್?" ಎಂದು ಒಮ್ಮೆ ಕೇಳಿದೆ.

"ಟೆಸ್ಟಿಂಗ್‌ಗೆ ಶಿವಣ್ಣ. ಕ್ವಾಲಿಟಿ ನೋಡ್ಬೇಕಲ್ಲ" ಎಂದರು.

ಹೂಕೋಸಿನ ಕ್ವಾಲಿಟಿ ಅವರ ಮನೆಯ ಸಾರಿನಲ್ಲಿ ಪರೀಕ್ಷೆಯಾಗುತ್ತಿತ್ತು. ಕಾಲೋನಿಯ ಕಿಟಕಿಗಳೆಲ್ಲ ಇದನ್ನು ನೋಡುತ್ತಿದ್ದವು. ಸರ್ಕಾರದವರು ದುಡ್ಡು ಕೊಡದೆ ಹೊತ್ತುಕೊಂಡು ಹೋಗುವ ತರಕಾರಿ ಸರ್ಕಾರದ್ದೇ ಇರಬೇಕಲ್ಲವೇ? ಕಾಲೋನಿಯವರ ಲೆಕ್ಕದಲ್ಲಿ ಅದು ತಪ್ಪೂ ಅಲ್ಲ.

ಕೊನೆಗೆ ರಿವ್ಯೂ ಎಂದು ಹೇಳಿ ಕಳಿಸಿದರು. ಗಾಡಿ ನನ್ನ ಹತ್ತಿರ ಇರಬೇಕೋ ಬೇಡವೋ ಎಂದು ವರದಿ ಬರೆಯುವ ದಿನ. ಅಂದು ಕರೆಂಟ್ ಇಲ್ಲವೆಂದು ಫ್ಯಾಕ್ಟರಿಗಳಿಗೆ ರಜೆ ಕೊಟ್ಟಿದ್ದರು, ಕಾಲೋನಿಯ ತುಂಬ ಜನ. ಸಾಹೇಬರು ಗಾಡಿಯ ಮುಂದೆ ನಿಂತು ಬಿಲ್ಲಿಂಗ್ ಮೆಷಿನ್ ನೋಡಿ ತಲೆಯಾಡಿಸಿದರು.

"ಸೇಲ್ಸೇ ಇಲ್ಲ. ಫಲಾನುಭವಿಗೆ ವ್ಯವಹಾರ ಗೊತ್ತಿಲ್ಲ ಅಂತ ಬರೀಬೇಕಾಗುತ್ತೆ. ಯಾರಾದ್ರೂ ಓದಿರೋ ಹುಡುಗನಿಗೆ ಕೊಟ್ಟಿದ್ರೆ ಹೀಗಾಗ್ತಿರ್ಲಿಲ್ಲ."

ಅಷ್ಟರಲ್ಲಿ ಡ್ರೈವರ್ ಎಂದಿನಂತೆ ಚೀಲ ತುಂಬಿ ಹೊರಟ. ಗಾಡಿಯಂತೂ ಹೋಗುತ್ತದೆ, ತರಕಾರಿಯನ್ನೂ ಒಯ್ಯುತ್ತಿದ್ದಾರೆ. ನನಗೆ ತಡೆಯಲಾಗಲಿಲ್ಲ. ಅಡ್ಡ ಹೋಗಿ ಚೀಲ ಹಿಡಿದುಕೊಂಡೆ.

"ಬೋಣಿ ಆಗಿಲ್ಲ. ಕಾಸು ಕೊಟ್ಟು ತಗೊಂಡೋಗಿ."

"ಏನ್ರೀ?" ಎಂದರು ಸಾಹೇಬರು.

ರತ್ನಮ್ಮ ಗುಂಪಿನಿಂದ ಮುಂದೆ ಬಂದಳು. ಜಗಳದ ವಾಸನೆ ಅವಳಿಗೆ ಬೇಗ ಹತ್ತುತ್ತದೆ. "ಬುಡಣ್ಣೋ, ತಗೊಂಡೋಗ್ಲಿ! ಅವ್ರು ಸರ್ಕಾರ, ಅವ್ರಿಗೆ ಫ್ರೀ. ನಮ್ಗೆ ಮಾತ್ರ ಐವತ್ತೈದು."

"ಫ್ರೀ ಅವ್ರಿಗೂ ಇಲ್ಲ, ನಿಮ್ಗೂ ಇಲ್ಲ" ಎಂದೆ. ಆಮೇಲೆ ಸಾಹೇಬರ ಕಡೆ ತಿರುಗಿದೆ. "ಸಾರ್, ನೀವೇ ಹೇಳ್ಬುಡಿ. ಈ ತರ್ಕಾರಿ ಸರ್ಕಾರದ್ದಾ, ನಂದಾ?"

ಸರ್ಕಾರದ್ದು ಎಂದರೆ ನೂರು ಜನ ಆಗಲೇ ಗಾಡಿಗೆ ಮುಗಿಬೀಳುತ್ತಿದ್ದರು, ನಾಳೆ ಫ್ರೀ ಸಿಗಲಿಲ್ಲವೆಂಬ ದೂರು ಸಾಹೇಬರ ಮೇಜಿಗೇ ಹೋಗುತ್ತಿತ್ತು. ನನ್ನದು ಎಂದರೆ ಜೀಪಿನ ಚೀಲಕ್ಕೆ ಉತ್ತರ ಕೊಡಬೇಕಿತ್ತು. ಸಾಹೇಬರು ಗಂಟಲು ಸರಿಮಾಡಿಕೊಂಡರು.

"ಸಹಾಯಧನ ಇರೋದು ವಾಹನಕ್ಕೆ. ಸರಕಿನ ಬಂಡವಾಳ ಫಲಾನುಭವಿಯದ್ದು."

"ನಮ್ಗೆ ತಿಳಿಯಂಗೆ ಹೇಳಿ ಸಾರ್" ಎಂದಳು ರತ್ನಮ್ಮ.

"ಗಾಡಿಗೆ ಮಾತ್ರ ಸರ್ಕಾರದ ದುಡ್ಡು. ತರಕಾರಿ ಇವರದೇ."

"ಅವತ್ತು ಫೋಟೋದಲ್ಲಿ ನಂಗೆ ಕೊಟ್ರಲ್ಲ, ಅದು?"

"ಅದೂ... ಇವರದೇ."

"ಇಷ್ಟ್ ದಿನ ನಿಮ್ ಡ್ರೈವರಣ್ಣ ಹೊತ್ಕೊಂಡೋಗಿದ್ದು?"

ಸಾಹೇಬರು ಜೀಪಿನ ಕಡೆ ನೋಡಿದರು. ಯಾರೋ ಹಿಂದಿನಿಂದ "ಟೆಸ್ಟಿಂಗು!" ಎಂದು ಕೂಗಿದರು. ಕಾಲೋನಿಗೆ ಕಾಲೋನಿಯೇ ನಕ್ಕಿತು. ರತ್ನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿದಳು: "ಹಂಗಾರೆ ಕಾಸು ಬಿಚ್ಚಿ ಸಾರ್."

ಅವರ ಹತ್ತಿರ ಚಿಲ್ಲರೆ ಇರಲಿಲ್ಲ. ಮುಖ ಕೆಂಪಗೆ ಮಾಡಿಕೊಂಡು ಫೋನ್ ತೆಗೆದು ಸ್ಕ್ಯಾನ್ ಮಾಡಿದರು. ಗಾಡಿಗೆ ಕಟ್ಟಿದ್ದ ಡಬ್ಬ ಇಡೀ ಬೀದಿಗೆ ಕೇಳುವಂತೆ ಕೂಗಿತು: "ಇನ್ನೂರ ನಲವತ್ತು ರೂಪಾಯಿ ಸ್ವೀಕರಿಸಲಾಗಿದೆ." ನೋಟಾಗಿದ್ದರೆ ಕಣ್ಣಿಗೊತ್ತಿಕೊಳ್ಳುತ್ತಿದ್ದೆ. ಡಬ್ಬವನ್ನೇ ಮುಟ್ಟಿ ಕಣ್ಣಿಗೊತ್ತಿಕೊಂಡೆ.

ಜೀಪು ಹೋದ ಮೇಲೂ ರತ್ನಮ್ಮ ನಿಂತೇ ಇದ್ದಳು. ತಪ್ಪಾಯಿತು ಎನ್ನಲಿಲ್ಲ, ಎನ್ನುವವಳೂ ಅಲ್ಲ. ಬೀನ್ಸ್ ಒಂದನ್ನು ಮುರಿದು ನೋಡಿದಳು.

"ಬಲ್ತೋಗೈತೆ."

"ಬಲ್ತಿಲ್ಲ. ಟಕ್ ಅಂತ ಮುರೀತು, ಕೇಳಿಸ್ಲಿಲ್ವಾ?"

"ಸೊಪ್ಪೂ ಸೇರಿ ನಲ್ವತ್ತೈದು ಮಾಡ್ಕೋ."

"ಐವತ್ತೈದು."

"ಐವತ್ತು. ಒಂದೆರಡು ಹಸಿಮೆಣಸಿನಕಾಯಿ ಕೊಸರು ಹಾಕು."

"ಐವತ್ತೈದೇ. ಕೊಸರು ದಿನಾ ತಗೊಳ್ಳೋರಿಗೆ."

"ದುರಾಸೆ ನನ್ಮಗ್ನೆ" ಎಂದು ಬೈದು ಐವತ್ತೈದು ಎಣಿಸಿಕೊಟ್ಟಳು. ಅವಳ ಹಿಂದೆ ಆರು ಜನ ನಿಂತರು. ಮಾರನೇ ದಿನ ಕೊಸರು ಹಾಕಿದೆ. ಸಾಲದೆಂದು ಅದಕ್ಕೂ ಬೈದಳು.

ಸಾಹೇಬರು ಅಂದಿನಿಂದ ನನ್ನ ಮುಖ ನೋಡಿ ಮಾತನಾಡಲಿಲ್ಲ. ಅಸಭ್ಯ ವರ್ತನೆ ಎಂದು ಒಂದು ನೋಟೀಸನ್ನೂ ಕಳಿಸಿದರು. ಆದರೆ ದಿನವೂ ಏರುವ ವ್ಯಾಪಾರ ಅವರ ಕಂಪ್ಯೂಟರಿನಲ್ಲೇ ಕಾಣುತ್ತಿದ್ದಾಗ ವ್ಯಾಪಾರವಿಲ್ಲ ಎಂದು ಹೇಗೆ ಬರೆದಾರು? ಗಾಡಿ ಉಳಿಯಿತು. ಮೂರು ವರ್ಷ ಮುಗಿದಾಗ ಸಬ್ಸಿಡಿ ಸಾಲಕ್ಕೆ ಜಮಾ ಆಯಿತು. ಸಾಹೇಬರು ವರ್ಗವಾಗಿ ಹೋದರು. ಯೋಜನೆಯ ಯಶಸ್ಸೆಂದು ಎಲ್ಲೋ ಭಾಷಣದಲ್ಲಿ ನನ್ನ ಕಾಲೋನಿಯನ್ನೇ ಹೇಳಿದರಂತೆ. ಹೇಳಿಕೊಳ್ಳಲಿ. ನಂಜಪ್ಪ ಬದನೆಕಾಯಿ ತರುವುದನ್ನು ಬಿಟ್ಟ, ನನ್ನನ್ನು ಬೈಯುವುದನ್ನು ಬಿಟ್ಟಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಸರ್ಕಾರದ ದುಡ್ಡಿನಿಂದ ಗಾಡಿ ಬರುತ್ತದೆ. ಗಾಡಿ ಬೇಕು, ಅದಿಲ್ಲದೆ ಆ ಕಾಲೋನಿಗೆ ಸೊಪ್ಪು ಹೋಗುತ್ತಿರಲಿಲ್ಲ, ಅದನ್ನು ಇಲ್ಲವೆನ್ನುವುದಿಲ್ಲ. ಆದರೆ ಬಡವರಿಗೆ ತರಕಾರಿ ಮುಟ್ಟಿಸುವುದೆಂದರೆ ಚೀಲ ಕೈಗಿಟ್ಟು ಫೋಟೋ ತೆಗೆಯುವುದಲ್ಲ. ದುಡ್ಡು ಕೊಟ್ಟು ಕೊಳ್ಳುವವಳು ಬೀನ್ಸ್ ಮುರಿದು ನೋಡುತ್ತಾಳೆ, ಬೈಯುತ್ತಾಳೆ, ಕೊಸರು ಕೇಳುತ್ತಾಳೆ. ಅವಳಿಗೆ ಹೆದರಿಯೇ ನಾನು ಒಳ್ಳೆಯ ಮಾಲು ಹಾಕುತ್ತೇನೆ. ಬಿಟ್ಟಿ ಚೀಲ ಹಿಡಿದವಳು ಏನು ಕೊಟ್ಟರೂ ನಗುತ್ತಾ ನಿಲ್ಲಬೇಕು.

ಇವತ್ತು ನನ್ನ ಹತ್ತಿರ ಇರುವುದು: ಎರಡು ಗಾಡಿ, ಒಂದು ಸತ್ಯಮಂಗಲಕ್ಕೆ, ಇನ್ನೊಂದು ಗುಬ್ಬಿ ದಾಟಿ ಬಿದರೆಹಳ್ಳಿ ಕಾವಲ್ ಕಡೆಗೆ. ಎರಡನೆಯದಕ್ಕೆ ಸಬ್ಸಿಡಿ ಕೇಳಲಿಲ್ಲ. ಮೂರು ತಕ್ಕಡಿ. ಅರವತ್ತು ಕ್ರೇಟು. ಸಂಬಳಕ್ಕೆ ನಾಲ್ಕು ಜನ. ಎರಡು ರೂಮಿನ ಮನೆ. ದಿನವೂ ಬಂದು ಜಗಳವಾಡುವ ಸುಮಾರು ಮುನ್ನೂರು ಗಿರಾಕಿಗಳು.